ಹೆರಾನ್ ಲೇಕ್‌ನ ಕಳೆದುಹೋದ ಸರೋವರ ಮತ್ತು ವಿಮಲಮ್ಮನವರ ಕಲ್ಲು

ಎವರ್‌ಗ್ರೀನ್ ಗುಡ್ಡದ ಮೇಲಿನ ಹೆರಾನ್ ಲೇಕ್ ಎಸ್ಟೇಟ್ಸ್‌ನ ಸರೋವರವು ಹದಿನೈದು ಸಾವಿರ ವರ್ಷಗಳ ಹಿಂದೆ, ಎರಡೇ ದಿನಗಳಲ್ಲಿ, ಆಡಳಿತ ಮಂಡಳಿಯ ಪೂರ್ವಾನುಮತಿ ಇಲ್ಲದೆ ಖಾಲಿಯಾಯಿತು. ಇದು ಮಾರ್ಚ್ ಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ನಮ್ಮ ಮನೆಮಾಲೀಕರ ಸಂಘದ ನಿಯಮದಂತೆ, ನಡಾವಳಿಗೆ ಮೂವತ್ತು ದಿನಗಳೊಳಗೆ ಯಾರೂ ಆಕ್ಷೇಪಿಸದಿದ್ದರೆ ಅದು ಸತ್ಯವಾಗುತ್ತದೆ. ಅದನ್ನು ಯಾರೂ ಓದುವುದಿಲ್ಲವಾದ್ದರಿಂದ ನಮ್ಮಲ್ಲಿ ಸತ್ಯಕ್ಕೆ ಕೊರತೆಯಿಲ್ಲ.

ಅರವತ್ತನಾಲ್ಕು ಮನೆಗಳ ಬಡಾವಣೆ ನಮ್ಮದು. ಹೆಸರಿನಲ್ಲಿರುವ ಹೆರಾನ್ ಹಕ್ಕಿಯೂ ಇಲ್ಲ, ಲೇಕೂ ಇಲ್ಲ. ಎಸ್ಟೇಟ್ಸ್ ಎಂದರೆ ಗೋಡೆಗೆ ಗೋಡೆ ಅಂಟಿಕೊಂಡ ಟೌನ್‌ಹೌಸುಗಳು. ಮೂರರಲ್ಲಿ ಒಂದೂ ನಿಜವಲ್ಲದಿದ್ದರೂ ಮನೆಗಳು ಚೆನ್ನಾಗಿಯೇ ಮಾರಾಟವಾಗಿವೆ.

ನಾನು ಶ್ರೀಕಂಠ. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಇಲ್ಲೇ ಪಕ್ಕದ ಸಾಂಟಾ ಕ್ಲಾರಾದಲ್ಲಿ ಮೂವತ್ತೊಂದು ವರ್ಷ ಕಂಪ್ಯೂಟರ್ ಚಿಪ್ ಪರೀಕ್ಷಿಸಿ ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ಒಬ್ಬರೇ ಒಬ್ಬರು ನನ್ನನ್ನು ಒಂದು ಕಲ್ಲಿನ ಬಗ್ಗೆ ಕೇಳಲಿಲ್ಲ. ನಿವೃತ್ತಿಯಾದ ಮೇಲೆ, ಕೇಳಲಿ ಎಂದು ಕಾಯುವುದನ್ನು ಬಿಟ್ಟಿದ್ದೇನೆ.

ನಮ್ಮ ಪಕ್ಕದ ಮನೆಯವರು ಉಡುಪಿಯ ಲೀಲಾಧರ ಮತ್ತು ಅವರ ಹೆಂಡತಿ ವಿಮಲಮ್ಮ. ವಿಮಲಮ್ಮನವರ ಬಳಿ ತಾಯಿಯಿಂದ ಬಂದ ಕಡೆಯುವ ಕಲ್ಲಿದೆ, ನಮ್ಮ ಮೈಸೂರಿನವರ ರುಬ್ಬುವ ಕಲ್ಲು. ಒಳಗಿಟ್ಟರೆ ಮರದ ನೆಲ ಕಿರುಗುಟ್ಟುತ್ತದೆ, ಹಿತ್ತಿಲೆಂಬುದು ಇಲ್ಲ. ಹಾಗಾಗಿ ಮುಂದಿನ ಮೆಟ್ಟಿಲ ಪಕ್ಕದಲ್ಲಿಟ್ಟು ಶನಿವಾರ ಶನಿವಾರ ಚಟ್ನಿ ಕಡೆಯುತ್ತಿದ್ದರು. ಫೆಬ್ರವರಿಯಲ್ಲಿ ನೋಟಿಸು ಬಂತು:

"ನಿಯಮ ೧೪(ಬಿ): ಮನೆಯ ಮುಂದೆ ನಿವಾಸಿಗಳು ತಂದಿಟ್ಟ, ಒಬ್ಬರಿಂದ ಎತ್ತಲಾಗದ ಯಾವುದೇ ವಸ್ತು ಇರತಕ್ಕದ್ದಲ್ಲ. ತೊಂಬತ್ತು ದಿನಗಳಲ್ಲಿ ತೆರವುಗೊಳಿಸದಿದ್ದಲ್ಲಿ ಸಂಘವೇ ಎತ್ತಿಸಿ ವಿಲೇವಾರಿ ಮಾಡುವುದು."

"ಅಮ್ಮ ಕಡೆದ ಕಲ್ಲು ಇದು. ಇದನ್ನು ಎತ್ತಿಕೊಂಡು ಹೋದ್ರೆ ನನ್ನನ್ನೂ ಎತ್ತಿಕೊಂಡು ಹೋಗಬೇಕು," ಅಂದರು ವಿಮಲಮ್ಮ.

"ಹಾಗಾದ್ರೆ ಎರಡು ಟ್ರಕ್ಕು ಬೇಕು ಮಾರಾಯ್ತಿ," ಅಂದರು ಲೀಲಾಧರ.

ನಾನು ಮಾತಾಡುತ್ತೇನೆ ಎಂದು ಧೈರ್ಯ ಹೇಳಿ ಮಾರ್ಚ್ ಸಭೆಗೆ ಹೋದೆ. ಅಲ್ಲಿ ಒಬ್ಬರಿಗೆ ಮೂರು ನಿಮಿಷ. ನನ್ನ ಸರದಿಗೆ ಮುಂಚೆ, ಹೊಸದಾಗಿ ಮನೆ ಕೊಂಡ ಅಮಿತಾ ಎಂಬಾಕೆ ಎದ್ದು, "ಲೇಕ್ ಎಲ್ಲಿದೆ?" ಎಂದು ಕೇಳಿಬಿಟ್ಟರು. ಅಧ್ಯಕ್ಷ ಸಿದ್ಧಾರೂಢ, ಹುಬ್ಬಳ್ಳಿಯವರು, ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ಆ ಕ್ಷಣದಲ್ಲಿ ನಾನು ಕಲ್ಲನ್ನು ಮರೆತೆ. ಒಂದು ಸರೋವರದ ಬಗ್ಗೆ ನನಗೆ ಗೊತ್ತಿತ್ತು, ಹೇಳಿದೆ. ಹಿಮಯುಗದಲ್ಲಿ, ಇಲ್ಲಿಂದ ಸುಮಾರು ಸಾವಿರ ಮೈಲಿ ದೂರದ ಮೊಂಟಾನಾದ ನದಿಯೊಂದಕ್ಕೆ ಹಿಮದ ನಾಲಿಗೆ ಅಡ್ಡ ಬಂತು. ಅದರ ಹಿಂದೆ ಮೂರು ಸಾವಿರ ಚದರ ಮೈಲಿ ನೀರು ನಿಂತಿತು. ಹಿಮ ನೀರಿಗಿಂತ ಹಗುರವಲ್ಲವೇ? ನೀರು ಏರಿ ಅಣೆಕಟ್ಟನ್ನೇ ಎತ್ತಿತು, ಒಡೆಯಿತು, ಎರಡು ದಿನಕ್ಕೆ ಸರೋವರ ಮಾಯ. ತೇಲುವ ಹಿಮಗಡ್ಡೆಗಳು ದೂರದೂರದ ಬಂಡೆಗಳನ್ನು ಹೊತ್ತು ತಂದು ಕರಗಿದಲ್ಲಿ ಇಳಿಸಿದವು. ಸುಳಿನೀರಿನಲ್ಲಿ ಗುಂಡುಕಲ್ಲು ಗಿರಗಿರ ತಿರುಗಿ ಬಂಡೆಯಲ್ಲಿ ದುಂಡನೆಯ ಕುಳಿ ಕೊರೆಯುವುದೂ ಉಂಟು. ನಲವತ್ತು ನಿಮಿಷ ಹೇಳಿದೆ; ಲೇಕಿಗೊಂದು ಉತ್ತರ ಸಿಕ್ಕ ಖುಷಿಯಲ್ಲಿ ಅಧ್ಯಕ್ಷರು ಗಡಿಯಾರ ನೋಡಲಿಲ್ಲ. ಕಾರ್ಯದರ್ಶಿ ಸೋನಾಲಿ ಪ್ರತಿಯೊಂದನ್ನೂ ಟೈಪು ಮಾಡಿಕೊಂಡಳು. ಮೊಂಟಾನಾ ಎಂದು ನಾನು ಎರಡು ಸಲ ಹೇಳಿದ್ದೆ. ಎರಡು ಸಲವೂ ಆಕೆ, ಝೂಮ್‌ನಲ್ಲಿ ಸಭೆಗೆ ಸೇರಿದ್ದ ಯಾರದೋ ನಾಯಿಯ ಬೊಗಳಾಟವನ್ನು ಮ್ಯೂಟ್ ಮಾಡುತ್ತಿದ್ದಳು.

ನಡಾವಳಿ ಬಂದಾಗ ಆ ಸರೋವರ ನಮ್ಮ ಬಡಾವಣೆಯದೇ ಆಗಿತ್ತು. ನಾನು ತಿದ್ದಬಹುದಿತ್ತು. ಆದರೆ ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಮೂವತ್ತು ದಿನ ಕಳೆಯಿತು. ಮಾರಾಟಕ್ಕಿದ್ದ ಎರಡು ಮನೆಗಳ ಜಾಹೀರಾತಿನಲ್ಲಿ "ಸರೋವರದ ದಂಡೆಯ ಮನೆ, ಸರೋವರ ಸದ್ಯಕ್ಕೆ ಲಭ್ಯವಿಲ್ಲ" ಎಂದು ಸೇರಿತು. ಪಾರ್ಕಿಂಗ್ ಜಾಗದಲ್ಲಿ "ಜೀವರಕ್ಷಕರಿಲ್ಲ, ಸ್ವಂತ ಜವಾಬ್ದಾರಿಯಲ್ಲಿ ಈಜಿರಿ" ಎಂಬ ಫಲಕ ಎದ್ದಿತು. ವಿಮಲಮ್ಮನವರಿಗೆ ಎರಡನೆಯ ನೋಟಿಸೂ ಬಂತು. ಅವರ ಕಲ್ಲು ಈಗ ಸರೋವರದ ತಳದಲ್ಲಿರುವುದರಿಂದ, ಜಲಾಶಯ ಒತ್ತುವರಿ. ಏಳು ದಿನ ಗಡುವು.

"ಶ್ರೀಕಂಠಣ್ಣ, ನನ್ನ ಕಲ್ಲಿಗಾಗಿ ಮಾತಾಡ್ತೇನೆ ಅಂತ ಹೋಗಿ ಎಂತ ಮಾಡಿ ಬಂದ್ರಿ ನೀವು? ತೊಂಬತ್ತು ದಿನ ಇದ್ದದ್ದು ಏಳಾಯ್ತು! ಇನ್ನೊಮ್ಮೆ ಮಾತಾಡಿದ್ರೆ ಇವತ್ತೇ ಟ್ರಕ್ಕು ಬಂದೀತು."

ಆದರೂ ಇನ್ನೊಮ್ಮೆ ಮಾತಾಡಲು ಅವರ ಜೊತೆ ಹೋದೆ. ವಿಚಾರಣೆ ಕ್ಲಬ್‌ಹೌಸಿನಲ್ಲಿ. ವಿಮಲಮ್ಮ ಆಗತಾನೇ ಕರಿದ ಗೋಳಿಬಜೆ ಮತ್ತು ಅದೇ ಕಲ್ಲಿನಲ್ಲಿ ಕಡೆದ ತೆಂಗಿನಕಾಯಿ ಚಟ್ನಿ ತಂದಿದ್ದರು. ಲಂಚವಲ್ಲ, ಮನೆಗೆ ಬಂದವರಿಗೂ ಹೋದ ಮನೆಗೂ ಕೊಡುವುದು ಅವರ ರೂಢಿ.

"ಅಕ್ಕಾರ, ಈ ಕಲ್ಲು ಎಲ್ಲಿಂದ ಬಂತ್ರಿ?" ಕೇಳಿದರು ಸಿದ್ಧಾರೂಢ.

"ಉಡುಪಿಯಿಂದ. ಮಂಗಳೂರು ಬಂದರಿನಿಂದ ಕಂಟೇನರಿನಲ್ಲಿ."

ಸೋನಾಲಿ ಲ್ಯಾಪ್‌ಟಾಪ್ ನೋಡಿದಳು. "ಆಂಟಿ, ಅಪ್ರೂವ್ ಆಗಿರೋ ಮಿನಿಟ್ಸ್‌ನಲ್ಲಿ, ಹೊರಗಿನ ಕಲ್ಲುಗಳು ಇಲ್ಲಿಗೆ ಐಸ್‌ನಲ್ಲಿ ಬಂದ್ವು ಅಂತಿದೆ. ಕಂಟೇನರ್ ಅಂತ ಎಲ್ಲೂ ಇಲ್ಲ."

"ರಶೀದಿ ಉಂಟಲ್ಲ ನನ್ನ ಹತ್ರ!"

"ರಶೀದಿನ ಬೋರ್ಡು ಅಪ್ರೂವ್ ಮಾಡಿಲ್ಲ ಆಂಟಿ."

ಇದೇ ಸಮಯವೆಂದು ನಾನು ಎದ್ದೆ. ವಿಮಲಮ್ಮನವರ ಕಲ್ಲಿನ ನಡುವೆ ದುಂಡನೆಯ ಕುಳಿ, ಕುಳಿಯಲ್ಲಿ ತಿರುಗುವ ಗುಂಡುಕಲ್ಲು, ಎರಡೂ ಸವೆದು ನುಣುಪಾಗಿವೆ. ನಡಾವಳಿಯ ನಾಲ್ಕನೇ ಪುಟದಲ್ಲಿ ಇರುವುದು ಇದೇ ಎಂದೆ.

ಸಿದ್ಧಾರೂಢರು ಗೋಳಿಬಜೆ ಅಗಿಯುತ್ತಾ ಯೋಚಿಸಿದರು. "ಅಂದ್ರ, ಇದನ್ನ ಯಾರೂ ತಂದಿಟ್ಟಿಲ್ಲ?"

"ಮಿನಿಟ್ಸ್ ಪ್ರಕಾರ ಇಲ್ಲ ಸರ್," ಅಂದಳು ಸೋನಾಲಿ.

"ಹಂಗಾದ್ರ ೧೪(ಬಿ) ಇದಕ್ಕ ಹತ್ತಂಗಿಲ್ಲ. ಒತ್ತುವರಿನೂ ಅಲ್ಲ, ಸರೋವರದ ಸ್ವಂತ ಆಸ್ತಿ ಐತಿ."

"ಹದಿನೈದು ಸಾವಿರ ವರ್ಷದಿಂದ ಇಲ್ಲೇ ಇತ್ತು ಅಂತಾದ್ರೆ, ಕಂಟೇನರಿನ ಬಾಡಿಗೆ ನಾನ್ಯಾಕೆ ಕೊಟ್ಟದ್ದು ಮಾರಾಯ್ರೆ?" ಅಂದರು ಲೀಲಾಧರ. ಈ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿಲ್ಲ.

ಕಲ್ಲು ಅಲ್ಲೇ ಸಂರಕ್ಷಿತ ಸ್ಮಾರಕವಾಯಿತು. ಸುತ್ತ ಸರಪಳಿ ಹಾಕಬೇಕೆಂದೂ ಯಾರೂ ಮುಟ್ಟಕೂಡದೆಂದೂ ತೀರ್ಮಾನವಾಯಿತು.

ವಿಮಲಮ್ಮ ಚಟ್ನಿಯ ಡಬ್ಬಿಗೆ ಮುಚ್ಚಳ ಹಾಕಿದರು. "ಮುಟ್ಟಬಾರದು ಅಂತಾದ್ರೆ ಉಳಿದು ಎಂತ ಪ್ರಯೋಜನ? ಆಗ್ಲಿ. ನಿಮಗೂ ಇದೇ ಕೊನೆಯ ಚಟ್ನಿ."

ಚಟ್ನಿಗೆ ಚಾಚಿದ್ದ ಸಿದ್ಧಾರೂಢರ ಕೈ ಮುಚ್ಚಳದ ಮೇಲೆ ನಿಂತಿತು. ಮಂಡಳಿ ಗೋಪ್ಯ ಸಮಾಲೋಚನೆಗೆ ಒಳಕೋಣೆಗೆ ಹೋಯಿತು. ಡಬ್ಬಿಯನ್ನೂ ದಾಖಲೆಯೆಂದು ಜೊತೆಗೇ ಒಯ್ದರು. ಹತ್ತು ನಿಮಿಷಕ್ಕೆ ಖಾಲಿ ಡಬ್ಬಿಯೊಂದಿಗೆ ಠರಾವು ಹೊರಬಂತು:

"ಹಿಮಯುಗದಲ್ಲಿ ಆರಂಭವಾದ ನೈಸರ್ಗಿಕ ಸವೆತವನ್ನು ತಡೆಯುವ ಅಧಿಕಾರ ಸಂಘಕ್ಕಿಲ್ಲ. ಸದರಿ ಸವೆತವು ಪ್ರತಿ ಶನಿವಾರ ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ಶ್ರೀಮತಿ ವಿಮಲಾ ಅವರ ಮುಖಾಂತರ ಮುಂದುವರಿಯತಕ್ಕದ್ದು. ಸವೆತದಿಂದ ಹೊರಬರುವ ಕೆಸರಿನ ಮಾದರಿಯನ್ನು ಮಂಡಳಿಯ ಪ್ರತಿ ಸದಸ್ಯರಿಗೆ ತಲಾ ಒಂದು ಡಬ್ಬಿಯಂತೆ ಪರಿಶೀಲನೆಗೆ ಒದಗಿಸತಕ್ಕದ್ದು."

ಈಗ ನಮ್ಮಲ್ಲಿ ಶನಿವಾರ ಒಂಬತ್ತಕ್ಕೆ ಹಿಮಯುಗ ಶುರುವಾಗುತ್ತದೆ. ವಿಮಲಮ್ಮ ಸೆರಗು ಸಿಕ್ಕಿಸಿ ಸರಪಳಿ ದಾಟಿ ಕೂರುತ್ತಾರೆ. ಹತ್ತೂ ಐದಕ್ಕೆ ಸಿದ್ಧಾರೂಢರು ಟಿಫಿನ್ ಡಬ್ಬಿ ಹಿಡಿದು ಬರುತ್ತಾರೆ. ಭೂವಿಜ್ಞಾನ ಸಲಹೆಗಾರನೆಂದು ನನಗೂ ಒಂದು ಡಬ್ಬಿ ಮಂಜೂರಾಗಿದೆ.

ಹೋದ ತಿಂಗಳು ಸೋನಾಲಿಯಿಂದ ಪತ್ರ ಬಂತು: ಮಾದರಿಯಲ್ಲಿ ಹುಳಿಯ ಅಂಶ ಕಡಿಮೆ ಕಂಡುಬಂದಿದ್ದು, ವೈಜ್ಞಾನಿಕ ಕಾರಣ ತಿಳಿಸುವುದು. ನಾನು ಸರಪಳಿಯ ಈಚೆ ನಿಂತು ವಿಮಲಮ್ಮನವರನ್ನೇ ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಐಸು ಹುಣಸೆಹಣ್ಣು ಹಾಕಲು ಮರೆತದ್ದು ಅಂತ ಬರೀರಿ."

ಹಾಗೆಯೇ ಬರೆದೆ. ನಡಾವಳಿಯಲ್ಲಿ ಸೇರಿತು. ಮೊನ್ನೆಗೆ ಮೂವತ್ತು ದಿನವಾಯಿತು, ಯಾರೂ ಆಕ್ಷೇಪಿಸಿಲ್ಲ.