ಹೊಂಬಾಳಿಯವರ ಕಾಫಿ ಬಣ್ಣದ ಡಯಲ್

ಯಾವ ಯುಗದಲ್ಲಿ ವೇಳೆಯನ್ನು ಮೊಬೈಲಿನಲ್ಲಿ ನೋಡಿ, ವಾಚನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡುವ ಮಹಾಪುರುಷರು ಭೂಮಿಗಿಳಿದರೋ, ಯಾವ ಯುಗದಲ್ಲಿ ಸಮುದ್ರದ ತಳಕ್ಕೆ ಮುಳುಗುವವರಿಗೆಂದು ಮಾಡಿದ ಡೈವಿಂಗ್ ವಾಚುಗಳು ನಳದ ನೀರಿಗೂ ಬಾಯಿ ಬಿಡುವ ಬಡಾವಣೆಗಳಲ್ಲಿ ಮೆರೆದವೋ, ಆ ಪುಣ್ಯಯುಗದಲ್ಲಿ, ಗದಗೆಂಬ ಪಟ್ಟಣದಲ್ಲಿ, ನಿವೃತ್ತಬ್ಯಾಂಕಾಧಿಕಾರಿಕುಲತಿಲಕನೂ, ಉಪನೇತ್ರವಿರಾಜಿತನಾಸಿಕನೂ, ಅಗಾಧಜಲಧಿಗರ್ಭಸಹಿಷ್ಣುಘಟಿಕಾಯಂತ್ರಧಾರಿಯೂ, ಆದರೆ ಈಜು ಬಾರದವನೂ ಆದ ಗುರುಪಾದಪ್ಪ ಹೊಂಬಾಳಿ ಎಂಬ ವೀರನಿದ್ದನು. ತಾಯಿ ಶಾರದೆ, ಒಂದು ರವಿವಾರ ಅವನು ಮಾಡಿದ ಘನಘೋರ ಯುದ್ಧವನ್ನು ಬಣ್ಣಿಸುವ ಶಕ್ತಿಯನ್ನು ನನಗೆ ಕೊಡು, ಕೇಳುವ ತಾಳ್ಮೆಯನ್ನು ಇವರಿಗೆ ಕೊಡು.

ಆ ವಾಚಿನ ಮಹಿಮೆ ಸಾಮಾನ್ಯವಾದುದಲ್ಲ. ಅದನ್ನು ತಯಾರಿಸಿದವರು ಡಯಲಿಗೆ ಹಚ್ಚಿದ್ದು ಕಪ್ಪು ಬಣ್ಣ. ಆದರೆ ಬಿಸಿಲಿನ ಪ್ರತಾಪದಿಂದ, ವರ್ಷಗಳ ತಪಸ್ಸಿನಿಂದ, ಸಾವಿರದಲ್ಲೊಂದು ಡಯಲ್ ಮಾತ್ರ ಕಪ್ಪನ್ನು ಕಳಚಿ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಂಥದನ್ನು ಪಡೆದವನೇ ಧನ್ಯನೆಂದು ಗದಗಿನ ಹಳೆವಾಚು ಪ್ರೇಮಿಗಳ ಬಳಗ ನಂಬಿತ್ತು. ಬಳಗದಲ್ಲಿ ನಮ್ಮ ವೀರನನ್ನು ಎಲ್ಲರೂ ‘ಕಾಫಿ ಡಯಲ್ ಹೊಂಬಾಳಿ’ ಎಂದು ಕರೆಯುತ್ತಿದ್ದರು. ನೌಕರಿಯಲ್ಲಿದ್ದಾಗ ಜನ ಅವನನ್ನು ಸರ್ ಎನ್ನುತ್ತಿದ್ದರು, ನಿವೃತ್ತನಾದ ಮೇಲೆ ಅದೂ ನಿಂತಿತು. ಈಗ ಉಳಿದಿದ್ದ ಬಿರುದು ಇದೊಂದೇ, ಅದನ್ನು ಅವನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದನು.

ಆ ಬಿರುದನ್ನೇ ಕಿತ್ತುಕೊಳ್ಳಲು, ಅಂದು ಮುಂಜಾನೆ, ಸ್ಕೂಟರಾರೂಢನಾಗಿ, ಹೊಗೆಯುಗುಳುತ್ತ ಬಂದಿಳಿದವನು ಹತ್ತಿ ದಲಾಲರ ವಂಶದ ಅಂದಾನೆಪ್ಪ ಮುಳಗುಂದ. ಅವನ ಬಳಿಯೂ ಅದೇ ಕಂಪನಿಯ, ಅದೇ ಮಾದರಿಯ, ಅದೇ ವಯಸ್ಸಿನ ವಾಚಿತ್ತು, ಡಯಲ್ ಮಾತ್ರ ಅಚ್ಚಕಪ್ಪು. ಹೊಂಬಾಳಿಯ ಡಯಲೂ ಕಪ್ಪೇ, ಕಾಫಿ ಎಂಬುದು ಬರೀ ಭ್ರಮೆ, ಬಿಸಿಲಲ್ಲಿ ಇಟ್ಟು ತೋರಿಸುತ್ತೇನೆ ಎಂದು ಅವನು ಬಳಗದ ಎದುರಲ್ಲೇ ಪಂಥ ಕಟ್ಟಿದ್ದನು.

ಅಂಗಳದ ಕಟ್ಟೆಯೇ ರಣರಂಗವಾಯಿತು. ಪಟ್ಟಿಯ ಬಣ್ಣ ಡಯಲಿನ ಮೇಲೆ ಪ್ರಭಾವ ಬೀರಬಾರದೆಂದು ಇಬ್ಬರೂ ವೀರರು ತಮ್ಮ ತಮ್ಮ ವಾಚಿನ ಪಟ್ಟಿಯನ್ನು ಬಿಚ್ಚಿ ಜೇಬಿಗಿಳಿಸಿದರು. ಪಟ್ಟಿಯಿಲ್ಲದ ಆ ಎರಡು ವಾಚುಗಳು ಬಿಸಿಲಿನಲ್ಲಿ ಅಕ್ಕಪಕ್ಕ ಮಲಗಿದವು. ಆಗ ಗುರುಪಾದಪ್ಪನು ಮೀಸೆಯ ಮೇಲೆ ಕೈಯಾಡಿಸಿ ಸಿಂಹನಾದಗೈದನು:

“ಅಂದಾನೆಪ್ಪಾರ, ಕಣ್ಣ ತೆರದು ನೋಡ್ರಿ! ಇದು ಅಂಗಡ್ಯಾಗ ಸಿಗೂ ಬಣ್ಣ ಅಲ್ಲ. ಎಷ್ಟ ಬ್ಯಾಸಗಿ ಬಿಸಿಲು ಕುಡದೈತೋ, ಯಾವ ಸಮುದ್ರದ ಗಾಳಿ ಉಂಡೈತೋ! ಇಂಥಾದು ಈ ಜಿಲ್ಲಾದಾಗ ಇನ್ನೊಂದ ತೋರಸ್ರಿ, ಈ ಮೀಸಿ ತಗಸ್ತೇನಿ.”

“ಮೀಸಿ ಇರ್ಲಿ ಬಿಡ್ರಿ, ಛಂದ ಕಾಣತೈತಿ,” ಎಂದು ಅಂದಾನೆಪ್ಪನು ಅಟ್ಟಹಾಸ ಮಾಡಿದನು. “ನನ್ನ ಡಯಲ್ ನೋಡ್ರಿ. ಅಮಾಸಿ ಕಪ್ಪ! ಸಾವಿರ ವಾಚ್ ಗುಡ್ಡಿ ಹಾಕ್ರಿ, ಅದರಾಗ ನಂದು ನಾ ಆರಿಸಿ ತಗೀತೇನಿ. ನಿಮ್ಮದೂ ಹುಟ್ಟಾ ಕಪ್ಪ. ಕಾಫಿ ಇರೂದು ನಿಮ್ಮ ಕಣ್ಣಾಗ ಅಷ್ಟ.”

ಭೂತಗನ್ನಡಿಗಳು ಝಳಪಿಸಿದವು. ಒಬ್ಬನು ಎಡದಿಂದ ಬಾಗಿದರೆ ಇನ್ನೊಬ್ಬನು ಬಲದಿಂದ ಬಾಗಿದನು. ತಲೆಗೆ ತಲೆ ಡಿಕ್ಕಿಯಾಯಿತು. ಸೂರ್ಯನು ಮೋಡದ ಹಿಂದೆ ಸರಿದಾಗಲೆಲ್ಲ ಯುದ್ಧ ನಿಂತಿತು, ಹೊರಗೆ ಬಂದಾಗಲೆಲ್ಲ ಮತ್ತೆ ಹೊತ್ತಿಕೊಂಡಿತು. ಕೊನೆಗೆ ಗಂಟಲೊಣಗಿದ ಇಬ್ಬರೂ ಕದನವಿರಾಮ ಸಾರಿ, ಚಹಾ ಕುಡಿಯಲು ಒಳಗೆ ಹೋದರು.

ಅವರು ಬಶಿಯಲ್ಲಿ ಚಹಾ ಆರಿಸಿ ಕುಡಿದು ಹೊರಗೆ ಬರುವಷ್ಟರಲ್ಲಿ, ಗುರುಪಾದಪ್ಪನ ಧರ್ಮಪತ್ನಿ ಪಾರ್ವತೆವ್ವ ಅದೇ ಕಟ್ಟೆಯ ಮೇಲೆ ದೇವರ ಬೆಳ್ಳಿ ಸಾಮಾನು ಹರಡಿಕೊಂಡು, ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತ ಕುಳಿತಿದ್ದಳು. ದೀಪಗಳ ಸಾಲಿನಲ್ಲಿ, ಆರತಿ ತಟ್ಟೆಯ ಪಕ್ಕ, ಎರಡು ವಾಚುಗಳೂ ಲಕಲಕನೆ ಹೊಳೆಯುತ್ತಿದ್ದವು.

ಎರಡರ ಡಯಲೂ ಕಪ್ಪು. ಕಾಫಿ ಬಣ್ಣ ಅವಳ ಕೈಯೊಳಗಿನ ಅರಿವೆಯ ಮೇಲಿತ್ತು.

“ಏನ ಮಾಡಿದ್ಯೇ!” ಎಂದು ಗುರುಪಾದಪ್ಪನು ಚೀರಿದನು.

“ಬೆಳಗಾಕ ಇಟ್ಟೀರಿ ಅನ್ಕೊಂಡೆ,” ಎಂದಳು ಅವಳು. “ನಿಮ್ಮದನ್ನ ದಿನಾ ಜಗಲಿ ಮ್ಯಾಲೆ ದೇವರ ಮುಂದ ಇಡತೀರಿ. ಊದಿನಕಡ್ಡಿ ಹೊಗಿ, ಲೋಬಾನದ ಹೊಗಿ, ದೀಪದ ಎಣ್ಣಿ. ಒರಸಾಕೂ ಬಿಡೂದಿಲ್ಲ. ಗಾಜಿನ ಮ್ಯಾಲೆ ಎಷ್ಟ ಜಿಡ್ಡು ಕುಂತಿತ್ತ್ರೀ! ಅಣ್ಣಾರದ್ದೂ ಒಂದ್ ಚೂರು ಹೊಲಸಿತ್ತು, ಅದನ್ನೂ ತಿಕ್ಕಿದೆ.”

ಹಳೆಯ ವಾಚನ್ನು ಒರೆಸುವುದು ಮಹಾಪಾಪ ಎಂದು ಬಳಗಕ್ಕೆ ಬೋಧಿಸಿದವನೇ ಗುರುಪಾದಪ್ಪ. ಸಮುದ್ರದ ಗಾಳಿ, ಬಿಸಿಲಿನ ಪ್ರತಾಪ ಎಲ್ಲವೂ ಒಂದು ಹಳೆಯ ಸೀರೆಯ ತುಂಡಿಗೆ ಅಂಟಿಕೊಂಡು ಹೋಗಿದ್ದವು. ಅವನ ಕಣ್ಣು ಒದ್ದೆಯಾಯಿತು. ಅಂದಾನೆಪ್ಪನು ಜಯಘೋಷ ಮಾಡಲು ಬಾಯಿ ತೆರೆದನು, ತನ್ನ ವಾಚಿಗೆ ಕೈ ಚಾಚಿದನು, ಹಾಗೆಯೇ ನಿಂತನು. ಕೈ ಎಡದ ವಾಚಿನ ಮೇಲೆ ಹೋಯಿತು, ಬಲದ ವಾಚಿನ ಮೇಲೆ ಹೋಯಿತು, ಮತ್ತೆ ಎಡಕ್ಕೆ ಬಂದಿತು.

“ಅಕ್ಕಾರ,” ಎಂದು ಅವನು ಮೆಲ್ಲಗೆ ಕೇಳಿದನು, “ಇದರಾಗ ನಂದು ಯಾವುದ್ರೀ?”

“ಎರಡೂ ಒಂದ ಅದಾವಲ್ರಿ ಅಣ್ಣಾರ. ಯಾವುದಾದ್ರ ಏನು?” ಎಂದು ಪಾರ್ವತೆವ್ವ ಗಂಟೆಯನ್ನು ತಿಕ್ಕತೊಡಗಿದಳು.

ಮಹಾರಥಿಗಳಿಬ್ಬರೂ ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಮೂಸಿ ನೋಡಿದರು. ಎರಡೂ ಟೂತ್‌ಪೇಸ್ಟಿನ ವಾಸನೆ ಹೊಡೆಯುತ್ತಿದ್ದವು. ಕೊನೆಗೆ ಆಳಿಗೊಂದರಂತೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಪಟ್ಟಿ ಹಾಕಿಕೊಂಡರು.

“ಬಳಗದಾಗ ಏನಂತ ಹೇಳೋಣು?” ಎಂದು ಗುರುಪಾದಪ್ಪ ಕೇಳಿದನು.

“ನೀವು ನಂದು ಹೇಳಬ್ಯಾಡ್ರಿ, ನಾ ನಿಮ್ಮದು ಹೇಳೂದಿಲ್ಲ. ಆದ್ರ ವಾಚ್ ತೋರಸ್ರಿ ಅಂದ್ರ ಏನ್ ಮಾಡ್ತೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಂದಾನೆಪ್ಪನು ಸ್ಕೂಟರಿಗೆ ಕಿಕ್ ಹೊಡೆದನು.

ಹೀಗೆ ಆ ಮಹಾಸಮರವು ಮುಗಿಯಿತು. ಸಂಜೆ ಪಾರ್ವತೆವ್ವ ದೇವರ ಕೋಣೆಯಿಂದ ಬಂದ ಹೊಗೆಗೆ ಕೆಮ್ಮುತ್ತ ಓಡಿಬಂದಳು. ದೇವರ ಜಗಲಿಯ ಮೇಲೆ ಒಂದು ಪೂರ್ತಿ ಪಾಕೀಟು ಊದಿನಕಡ್ಡಿ ಉರಿಯುತ್ತಿತ್ತು. ಅದರ ಮುಂದೆ ವಾಚನ್ನು ಹಿಡಿದು, ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸುತ್ತ ಗುರುಪಾದಪ್ಪನು ಕುಳಿತಿದ್ದನು.

“ಮುಂಜಾನೆ ಪೂಜಿ ಆಗೇತಲ್ರಿ. ಮತ್ಯಾಕ?” ಎಂದಳು.

“ಬಾಗಲಾ ಹಾಕು,” ಎಂದನು ವೀರನು. “ಹೊಗಿ ಹೊರಗ ಹೋಗತೈತಿ.”