ನಮ್ಮ ಮನೆಗೆ ಬಂದ ಸ್ವಯಮಾಡಳಿತ

ಕೆಲವು ಪದಗಳು ವೇದಿಕೆಯ ಮೇಲಿರುವವರೆಗೆ ಯಾರಿಗೂ ತೊಂದರೆಯಿಲ್ಲ. ಮೈಕಿನಿಂದ ಇಳಿದು ಮನೆಯ ಹೊಸಿಲು ದಾಟಿದವೋ, ನಾವು ಕೆಟ್ಟೆವು. ‘ಸ್ವಯಮಾಡಳಿತ’ ಅಂಥದೊಂದು ಪದ. ಪಂಚಾಯ್ತಿಗಳಿಗೆ ಹೊಸ ಕಾಯ್ದೆ ಬಂದ ಆ ವರ್ಷಗಳಲ್ಲಿ ನಮ್ಮ ಕುಂದೂರು ಕಡೆ ಅದನ್ನು ಬಳಸದವರೇ ಇರಲಿಲ್ಲ. ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿನ ಸಾಹುಕಾರರಿಗೆ ಅದರರ್ಥ, ಬೇಲಿಯೊಳಗೆ ಸರ್ಕಾರದವರು ಕಾಲಿಡಬಾರದು ಎಂದು. ಆಲೂರಿನ ಹೋಟೆಲಿನಲ್ಲಿ ಸದಾ ಟೀ ಕುಡಿಯುತ್ತಿದ್ದ ಗೆಳೆಯ ರುದ್ರಪ್ಪನಿಗೆ, ಇನ್ನು ಕಂದಾಯ ಕಟ್ಟಬೇಕಾಗಿಲ್ಲ ಎಂದು. ಸರಿಯಾದ ಅರ್ಥ ಗೊತ್ತಿದ್ದವನು ನಾನೊಬ್ಬನೇ: ಹೆಂಗಸರಿಗೆ ಮೀಸಲಾದ ಸೀಟಿನಲ್ಲಿ ಹೆಂಡತಿ ಗೆಲ್ಲುವುದು, ಗಂಡ ಆಳುವುದು.

ನನ್ನ ಹೆಂಡತಿ ಗೌರಿ ಗೆದ್ದಳು. ಊರವರು ನನ್ನನ್ನೇ ‘ಮೆಂಬರ್ರೇ’ ಎಂದರು, ನಾನೂ ಓಗೊಟ್ಟೆ. ಮೊದಲ ಮೀಟಿಂಗಿಗೆ ಇಸ್ತ್ರಿ ಶರ್ಟು ತೊಟ್ಟು ಹೊರಟರೆ, ಬಾಗಿಲಲ್ಲಿ ಗೌರಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

“ನೀವೆಲ್ಲಿಗೆ?”

“ಮೀಟಿಂಗಿಗೆ ಕಣೇ.”

“ಓಟು ಬಿದ್ದಿದ್ದು ಯಾರಿಗ್ರೀ? ಒಲೆ ಮೇಲೆ ಬೇಳೆ ಐತೆ, ನೋಡ್ಕಳಿ.”

ಆ ಬೇಳೆ ಏನಾಯಿತೆಂದು ಕೇಳಬೇಡಿ. ಪಾತ್ರೆ ಉಜ್ಜಿದವನೂ ನಾನೇ.

ಅಷ್ಟರಲ್ಲಿ ಊರಿಗೊಂದು ಬೋರ್‌ವೆಲ್ ಮಂಜೂರಾಯಿತು. ಪಂಚಾಯ್ತಿ ಅಧ್ಯಕ್ಷರು ಅದನ್ನು ತಮ್ಮ ತೋಟದ ಗೇಟಿನ ಪಕ್ಕ ಕೊರೆಸಲು ಹೊರಟರು. ನಾವಿದ್ದ ಮೇಲ್ಕೇರಿಯ ಹೆಂಗಸರು ಗುಡ್ಡ ಇಳಿದು ಹಳ್ಳದಿಂದ ನೀರು ಹೊರುತ್ತಿದ್ದರು. ಗೌರಿ ಒಪ್ಪಲಿಲ್ಲ. ಅಧ್ಯಕ್ಷರು ನನ್ನನ್ನು ಕರೆಸಿ, ಕಾಫಿ ಕೊಟ್ಟು, “ರೈಟ್ರೇ, ಮನೇಲಿ ಸ್ವಲ್ಪ ಬುದ್ಧಿ ಹೇಳಿ. ನಿಮ್ಮ ಸಾಹುಕಾರ್ರು ನಮಗೆ ಬೇಕಾದೋರು, ಗೊತ್ತಲ್ಲ?” ಎಂದರು.

ಮನೆಗೆ ಬಂದು, “ನನ್ನ ಕೆಲಸ ಹೋದ್ರೆ ಏನೇ ಮಾಡೋದು?” ಎಂದೆ.

“ಹಳ್ಳದ ನೀರು ಹೊತ್ತು ಸವೆದಿರೋ ನೆತ್ತಿ ನಂದು ಕಣ್ರೀ. ನಿಮ್ಮ ಕೆಲಸಕ್ಕೆ ಹೆದರಿ ಆ ಹೆಂಗಸರಿಗೆ ಮೋಸ ಮಾಡ್ಲಾ?”

ಶಾಲೆಯ ಮುಂದೆ ಗ್ರಾಮಸಭೆ ಸೇರಿತು. ಮೇಲ್ಕೇರಿಯ ಹೆಂಗಸರು ಖಾಲಿ ಕೊಡಗಳ ಸಮೇತ ಬಂದು ಕೂತರು. “ಇದೆಲ್ಲಾ ಆಗ್ಲೇ ತೀರ್ಮಾನ ಆಗ್ಬುಟ್ಟೈತೆ” ಎಂದರು ಅಧ್ಯಕ್ಷರು.

ಗೌರಿ ಎದ್ದಳು. “ಹಂಗಾದ್ರೆ ನಮ್ಮನ್ಯಾಕೆ ಕರೆದ್ರಿ? ನಮ್ಮೂರನ್ನ ನಾವೇ ಆಳ್ಕಳದು ಅಂದ್ರೆ ನಿಮ್ಮ ಗೇಟಿಗೆ ನೀರು ಬಿಡೋದಲ್ಲ. ಮೇಲ್ಕೇರಿಗೆ ಬೋರು ಬೇಕು ಅನ್ನೋರು ಕೈ ಎತ್ರವ್ವಾ!”

ಬಳೆಗಳ ಸದ್ದಿನೊಂದಿಗೆ ಕೈಗಳೆದ್ದವು. ಅಧ್ಯಕ್ಷರು ನನ್ನತ್ತ ದುರುಗುಟ್ಟಿದರು. ಅವರ ಪಕ್ಕದ ಕುರ್ಚಿಯಲ್ಲೇ ನಮ್ಮ ಸಾಹುಕಾರರು. ಆದರೂ ಅದುವರೆಗೆ ಯಜಮಾನರೆದುರು ಕೈಕಟ್ಟಿಯೇ ಅಭ್ಯಾಸವಿದ್ದ ನಾನು ಬಲಗೈ ಎತ್ತಿಬಿಟ್ಟೆ. ಎತ್ತಿದ ಮೇಲೆ ಇಳಿಸಲೂ ಇಲ್ಲ. ನೋಡಲಿ, ಕಣ್ತುಂಬ ನೋಡಲಿ!

ಬೋರು ಮೇಲ್ಕೇರಿಗೇ ಬಂತು. ಸಾಹುಕಾರರು ಬಹಳ ದಿನ ಮುಖ ಬಿಗಿದುಕೊಂಡಿದ್ದರು. ಲೆಕ್ಕ ಬರೆಯಲು ಬೇರೆ ಯಾರೂ ಸಿಗಲಿಲ್ಲವೋ ಏನೋ, ಕೆಲಸ ಉಳಿಯಿತು. ಮೆಂಬರಿಗೆ ಬೆಳಿಗ್ಗೆ ಬಿಡುವಿಲ್ಲದ ಕಾರಣ ನೀರು ತರುವ ಕೆಲಸ ನನಗೆ ಬಿತ್ತು. ಮೊದಲ ದಿನ ಗತ್ತಿನಿಂದ ಹೋಗಿ ಪಂಪಿನ ಬಾಯಿಗೆ ಕೊಡವಿಟ್ಟೆ. ಸಾಲಿನಲ್ಲಿದ್ದ ಮುದುಕಿ ನಿಂಗಜ್ಜಿ ಅದನ್ನೆತ್ತಿ ಪಕ್ಕಕ್ಕಿಟ್ಟಳು.

“ಮೆಂಬರ್ ಮನೆಯೋರಿಗೆ ಕೊನೇಲಿ ನೀರು. ಹಿಂದಕ್ಕೆ ನಡಿ ಮಾರಾಯ.”

“ಯಾರಜ್ಜಿ ಇಂಥಾ ರೂಲ್ಸು ಮಾಡಿದ್ದು?” ಎಂದು ಗದರಿಸಿದೆ.

“ನಾವೇ” ಎಂದಳು ಅಜ್ಜಿ.

ಕೊಡ ಎತ್ತಿಕೊಂಡು ಸಾಲಿನ ತುದಿಗೆ ಹೋಗಿ ನಿಂತೆ.