ಕರುವಿನ ಹುಳ ಬಿಡಿಸಿದವರು ಯಾರು

ದುಂಡಮ್ಮ: ಕರುವಿನ ಒಂದು ಗೊರಸೂ ಕೊಡಾಂಗಿಲ್ಲ, ಹಕೀಮಸಾಬ್.

ಇಮಾಮುದ್ದೀನ್: ಗೊರಸು ಯಾರಿಗೆ ಬೇಕವ್ವ? ಅರ್ಧ ಪಾಲು ಕೇಳಾಕತ್ತೀನಿ. ನಿನ್ನ ಯಜಮಾನ ಕರಾರು ಮಾಡ್ಯಾನ.

ಕಲಬುರಗಿಯ ದನದ ದವಾಖಾನೆಯಲ್ಲಿ ಈ ಜಗಳ ಬೆಳಗಿನಿಂದ ನಡೆದಿತ್ತು. ಕಮಲಾಪುರದ ದುಂಡಮ್ಮನ ಮೂರು ತಿಂಗಳ ಎಮ್ಮೆಕರುವಿಗೆ ಹೊಟ್ಟೆಯ ತುಂಬ ಹುಳ. ಅವು ಬಿದ್ದುಹೋದರೆ ಕರುವಿನಲ್ಲಿ ಅರ್ಧ ಪಾಲು ಎಂದು ಅವಳ ಗಂಡ ಮಲ್ಕಪ್ಪ ಮೋಮಿನಪುರದ ಹಕೀಮ ಇಮಾಮುದ್ದೀನನಿಗೆ ಮಾತು ಕೊಟ್ಟು ಔಷಧ ತಂದಿದ್ದ. ಮೂರನೆಯ ದಿನ ಶಾವಿಗೆಯಂಥ ಹುಳಗಳು ರಾಶಿಯಾಗಿ ಬಿದ್ದವು. ಈಗ ಮಲ್ಕಪ್ಪ ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕರು ಆಗಾಗ ಕೂಗುತ್ತಿತ್ತು.

ದನದ ಡಾಕ್ಟರ್ ನರಸಿಂಹರಾಯರು ಸಗಣಿ ಪರೀಕ್ಷಿಸಿ ಕೈ ತೊಳೆದುಕೊಂಡರು.

ಡಾಕ್ಟರ್: ಕರುಳಿನ್ಯಾಗ ಹುಳ ಹೆಚ್ಚಾದ್ರ ಅವಕ್ಕ ಕೂಳು, ಜಾಗ ಸಾಲಂಗಿಲ್ಲ. ಬಡಕಲಾಗತಾವ, ತತ್ತಿ ಕಡಿಮಿ ಇಡತಾವ.

ದುಂಡಮ್ಮ: ನಾವೂ ಒಂದೇ ಮನ್ಯಾಗ ಹದಿಮೂರು ಮಂದಿ ಇದ್ದೀವ್ರಿ. ಬಡಕಲಾಗೀವಿ ಖರೆ, ಮಕ್ಕಳೇನು ಕಡಿಮಿ ಆಗಿಲ್ಲ.

ಡಾಕ್ಟರ್: ನಾ ಹುಳದ ಮಾತು ಹೇಳಾಕತ್ತೀನವ್ವ. ಕರು ಬೆಳದಂಗ ಅದರ ಮೈಯೇ ಅವನ್ನ ಹೊರಗ ಹಾಕತದ. ಔಷಧ ಕೊಡ್ರಿ, ಬಿಡ್ರಿ.

ಇಮಾಮುದ್ದೀನ್ ಗಡ್ಡ ನೀವಿಕೊಂಡು, ಔಷಧ ಕುಡಿದ ಕರುವನ್ನು ತೋರಿಸಿ ಹಾಗೆ ಹೇಳಿದರೆ ಯಾರು ನಂಬುತ್ತಾರೆ ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೆಂದು ಡಾಕ್ಟರರೂ ಒಪ್ಪಿದರು. ಔಷಧ ಕುಡಿಯದ, ಇದೇ ವಯಸ್ಸಿನ ಇನ್ನೊಂದು ಕರುವನ್ನು ನೋಡದೆ ಖಚಿತವಾಗಿ ಹೇಳಲಾಗದು ಎಂದರು.

ದುಂಡಮ್ಮ: ಇನ್ನೊಂದು ಯಾಕ್ರಿ? ಇದೇ ಔಷಧ ಕುಡೀಲಾರದ ಕರು.

ಎಲ್ಲರೂ ಅವಳತ್ತ ತಿರುಗಿದರು.

ದುಂಡಮ್ಮ: ಒಂದು ತೊಟ್ಟೂ ಕರುವಿಗೆ ಹಾಕಿಲ್ಲ. ಇವರಿಗೆ ವಾರದಿಂದ ಹೊಟ್ಟಿನೋವಿತ್ತು. ಮಜ್ಜಿಗ್ಯಾಗ ಕಲಸಿ ಇವರಿಗೇ ಕುಡಿಸೀನಿ.

ಮಲ್ಕಪ್ಪನ ಕೈಯಿಂದ ಹಗ್ಗ ಜಾರಿತು. ಡಾಕ್ಟರು ಲೇಖನಿ ತೆಗೆದು, ನೋವು ಏನಾಯಿತೆಂದು ವಿಚಾರಿಸಿದರು. ಹೋಯಿತು ಎಂದ ಮಲ್ಕಪ್ಪ. ಜೊತೆಗೆ ಇನ್ನೇನಾದರೂ ಹೋಯಿತೇ ಎಂದು ಕೇಳಿದ್ದಕ್ಕೆ ನೆಲ ನೋಡುತ್ತಾ ಹೌದೆಂದು ತಲೆಯಾಡಿಸಿದ.

ಇಮಾಮುದ್ದೀನ್: ನೋಡ್ರಿ, ನನ್ನ ಔಷಧಕ್ಕ ಹುಳ ಬಿದ್ದಾವ. ಕರು ನಿನಗೇ ಇರಲಿ, ತಂಗಿ. ಇವನೊಳಗ ಅರ್ಧ ಪಾಲು ಕೊಡು. ದುಡಿಯೋ ಅರ್ಧ ಸಾಕು.

ದುಂಡಮ್ಮ: ಸಿಕ್ಕರ ತಗೊಳ್ರಿ. ಲಗ್ನ ಆದಾಗಿಂದ ನಾನೂ ಅದನ್ನೇ ಹುಡುಕಾಕತ್ತೀನಿ.